‘ನಿನ್ನೇನ ಹೇಳೀನಿ’ ಇಂಗ್ಲಿಷಿನ್ಯಾಗ ಹೆಂಗ ಬರೀಬೇಕು: ನನ್ನ ಟೆನ್ಸ್ ನೋಟ್ಸ್

ದೋಸ್ತರ, ಇಂಗ್ಲಿಷ್ ಪೇಪರಿಗೆ ಓದಾಕತ್ತೋರಿಗೆ ಉಪಯೋಗ ಆಗ್ಲಿ ಅಂತ ನನ್ನ ವಹಿಯಾಗಿಂದು ಒಂದೀಟು ಇಲ್ಲಿ ಬರ್ಯಾಕತ್ತೀನಿ.

ಹೋದ ತಿಂಗಳ ವಿಜಯಪುರದಾಗ ಒಂದು ಪ್ರಾಕ್ಟೀಸ್ ಟೆಸ್ಟ್ ಇತ್ತು, ಅದರಾಗ ನಾ ‘ಐ ಹ್ಯಾವ್ ಟೋಲ್ಡ್ ಹಿಮ್ ಯೆಸ್ಟರ್‌ಡೇ’ ಅಂತ ಬರದಿದ್ದೆ, ಸರ್ ಯೆಸ್ಟರ್‌ಡೇ ಕೆಳಗ ಕೆಂಪು ಗೆರಿ ಹೊಡದು ಕೊಟ್ರು. ಯಾಕ ತಪ್ಪು ಅಂತ ಎರಡು ದಿನ ತಲಿಗೆ ಹತ್ತಲಿಲ್ಲ. ಆಮ್ಯಾಲ ಆ ವಾಕ್ಯದ ಮ್ಯಾಲ ಅದರ ಕನ್ನಡ ಬರದು ನೋಡಿದೆ: ‘ನಿನ್ನೇನ ಹೇಳೀನಿ ಅವಂಗ’. ಇಲ್ಲೇ ಐತಿ ನೋಡ್ರಿ ಗಂಟು. ನಮ್ಮ ಮಾತಿನ್ಯಾಗ ‘ಹೇಳೀನಿ’ ಜೊತಿಗೆ ನಿನ್ನೆ, ಮೊನ್ನೆ, ಹೋದ ವರ್ಷ ಏನು ಬೇಕಾದ್ರೂ ಕೂಡತೈತಿ, ಆದ್ರ ಇಂಗ್ಲಿಷಿನ ‘ಹ್ಯಾವ್ ಟೋಲ್ಡ್’ ಮುಗದು ಹೋದ ವ್ಯಾಳ್ಯಾನ ಹತ್ರಕ್ಕ ಬಿಟ್ಕೊಳ್ಳಂಗಿಲ್ಲ. ಯಾವಾಗ ಅಂತ ಹೇಳಿದ್ರಿ ಅಂದ್ರ ‘ಐ ಟೋಲ್ಡ್ ಹಿಮ್ ಯೆಸ್ಟರ್‌ಡೇ’, ಹೇಳದಿದ್ರ ‘ಐ ಹ್ಯಾವ್ ಟೋಲ್ಡ್ ಹಿಮ್’.

ಇಸವಿ ಬಂದ್ರೂ ಹಂಗ. ಗೋಳಗುಮ್ಮಟ 1656ರಾಗ ಮುಗೀತು, ಅದಕ್ಕ ‘ವಾಸ್ ಕಂಪ್ಲೀಟೆಡ್ ಇನ್ 1656’, ‘ಹ್ಯಾಸ್ ಬೀನ್ ಕಂಪ್ಲೀಟೆಡ್ ಇನ್ 1656’ ಅಲ್ಲ. ಆದ್ರ ಇಸವಿ ಕಂಡ ಕೂಡ್ಲೇ ಹ್ಯಾವ್ ಹೊಡದು ಹಾಕಬ್ಯಾಡ್ರಿ, ಇನ್ ಐತೋ ಸಿನ್ಸ್ ಐತೋ ನೋಡ್ರಿ. ‘ಬಾಗಲಕೋಟೆ ಬಿಕೇಮ್ ಅ ಡಿಸ್ಟ್ರಿಕ್ಟ್ ಇನ್ 1997’, ಆವತ್ತು ಆತು, ಮುಗೀತು. ‘ಬಾಗಲಕೋಟೆ ಹ್ಯಾಸ್ ಬೀನ್ ಅ ಡಿಸ್ಟ್ರಿಕ್ಟ್ ಸಿನ್ಸ್ 1997’, ಆವಾಗಿಂದ ಇವತ್ತಿನ ತನಕ ಜಿಲ್ಲಾನ ಐತಿ. ಈ ಎರಡು ವಾಕ್ಯ ಬಾಯಿಪಾಠ ಮಾಡ್ರಿ, ಹತ್ತು ರೂಲಿಗಿಂತ ಇವು ಚಲೋ ಅಂತ ನನಗ ಖರೇನ ಅನಸ್ತೈತಿ.

‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಬ್ಯಾಡ, ‘ಐ ಹ್ಯಾವ್’ ಸಾಕು. ಡಿಸ್ಕಸ್ ಮುಂದ ಅಬೌಟ್ ಬರಂಗಿಲ್ಲ, ಅದು ನಮ್ಮ ‘ಬಗ್ಗೆ’ಯಿಂದ ಬಂದು ಕುಂದರತೈತಿ.

ಪ್ಯಾರಾ ಬರಿಯೋ ಮುಂದ ಇನ್ನೊಂದು ತ್ರಾಸ. ‘ಮುಂಜಾನೆ ಎದ್ದು ಜಳಕಾ ಮಾಡಿ ರೊಟ್ಟಿ ತಿಂದು ಬಸ್ ಹಿಡದು ಲೈಬ್ರರಿಗೆ ಬಂದೆ’, ಕನ್ನಡದಾಗ ಎಷ್ಟು ಚಂದ ಹರೀತೈತಿ, ಕಡೀಕ ‘ಬಂದೆ’ ಒಂದ ಎಲ್ಲಾ ಹೊರತೈತಿ. ಅದನ್ನ ಹಂಗ ಇಂಗ್ಲಿಷಿಗೆ ಒಯ್ದ್ರ ಆಂಡ್, ಆಂಡ್, ಆಂಡ್ ಅಂತ ಸಾಲು ಹತ್ತತೈತಿ. ನಾ ಏನ್ ಮಾಡ್ತೀನಿ ಅಂದ್ರ ಮೊದಲ ಮುಖ್ಯ ಮಾತು ತಗೀತೀನಿ, ‘ಐ ಕೇಮ್ ಟು ದ ಲೈಬ್ರರಿ ಬೈ ಬಸ್’, ಉಳಿದದ್ದರಾಗ ಬೇಕಾದದ್ದು ಅಷ್ಟ ‘ಆಫ್ಟರ್ ಬ್ರೇಕ್‌ಫಾಸ್ಟ್’ ಅಂತ ಹಚ್ಚತೀನಿ. ಜಳಕಾ ಬಿಟ್ರೂ ನಡೀತೈತಿ.

ಅಭ್ಯಾಸಕ್ಕ ಒಂದು ಕೊಡ್ತೀನಿ: ಬಿಜಾಪುರ 2014ರಾಗ ವಿಜಯಪುರ ಆತು. ಇದನ್ನ ಒಮ್ಮೆ ಇನ್ ಹಚ್ಚಿ, ಒಮ್ಮೆ ಸಿನ್ಸ್ ಹಚ್ಚಿ ಬರೀರಿ, ಮ್ಯಾಲ ಕನ್ನಡನೂ ಬರೀರಿ.