ಮೇಲೆ ಒಣಗಿದೆ, ಒಳಗೆ ಇನ್ನೂ ಹಸಿ

ಅಕ್ಕನಿಗೆ ಸ್ತನ ಮತ್ತೆ ಕಟ್ಟುವ ಆಪರೇಷನ್ ಆಗಿ 22 ದಿನ ಆಗಿತ್ತು. ಬೇಸಿಗೆ ರಜೆ, ಮನೆ ತುಂಬ ಮಕ್ಕಳು. ಅಕ್ಕ ಒರಗು ಕುರ್ಚಿಯಲ್ಲಿ ಕೂತಿದ್ದಳು. ಅವಳ ಕಿರಿಮಗ, ನಾಲ್ಕು ವರ್ಷದವನು, ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಅಳುತ್ತಾ ಓಡಿ ಬಂದ. ಎರಡೂ ಕೈ ಮೇಲೆತ್ತಿ "ಎತ್ಕೋ ಅಮ್ಮಾ" ಅಂದ. ಅಕ್ಕ ಬಗ್ಗಿಯೇ ಬಿಟ್ಟಿದ್ದಳು. ನಾನು ನಡುವೆ ನುಗ್ಗಿ ಅವನನ್ನು ಎತ್ತಿಕೊಂಡೆ.

"ಗಾಯ ಒಣಗಿದೆ ಕಣೆ, ನೋವೂ ಅಷ್ಟಿಲ್ಲ. ಒಂದು ಸಲ ಎತ್ತಿಕೊಂಡರೆ ಏನಾಗತ್ತೆ?" ಅಂತ ನನ್ನ ಮೇಲೆ ರೇಗಿದಳು.

ಅವಳ ಪ್ರಶ್ನೆ ನ್ಯಾಯವಾದದ್ದೇ. ಕನ್ನಡಿಯಲ್ಲಿ ನೋಡಿದರೆ ಗಾಯ ಕೂಡಿಕೊಂಡಿದೆ. ತೆಳುವಾದ ಕೆಂಪು ಗೆರೆ, ಅಷ್ಟೇ. ಆದರೆ ಆ ಗೆರೆಯ ಕೆಳಗೆ ನಡೆಯುತ್ತಿರುವ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ.

ಗಾಯವಾದ ಮೊದಲ ಕೆಲವು ದಿನ ದೇಹ ಬರೀ ಶುಚಿ ಮಾಡುತ್ತದೆ. ರಕ್ತ ಹೆಪ್ಪುಗಟ್ಟುತ್ತದೆ, ಬಿಳಿ ರಕ್ತಕಣಗಳು ಬಂದು ಸತ್ತ ಜೀವಕೋಶಗಳನ್ನೂ ಸೂಕ್ಷ್ಮಾಣುಗಳನ್ನೂ ತಿಂದು ಹಾಕುತ್ತವೆ. ಆಗಿನ ಊತ, ಬಿಸಿ, ಕೆಂಪು ಬಣ್ಣ ಎಲ್ಲ ಅದರದೇ ಗುರುತು. ಆಮೇಲೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತಯಾರಾಗಲು ಶುರುವಾಗುತ್ತದೆ. ಮೊದಲು ಬರುವುದು ತೆಳುವಾದ, ಅಡ್ಡಾದಿಡ್ಡಿಯಾಗಿ ಹರಡಿದ ಎಳೆಗಳು. ತುರ್ತಿಗೆ ಹಾಕಿದ ಕಚ್ಚಾ ಹೊಲಿಗೆ ಇದ್ದಂತೆ. ದೇಹ ಅವನ್ನು ನಿಧಾನವಾಗಿ ಬಿಚ್ಚಿ, ಗಟ್ಟಿ ಎಳೆಗಳನ್ನು ಎಳೆತದ ದಿಕ್ಕಿಗೆ ಸರಿಯಾಗಿ ಮತ್ತೆ ನೇಯುತ್ತದೆ. ಈ ನೇಯ್ಗೆ ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ನಡೆಯುತ್ತದೆ.

ಲೆಕ್ಕದಲ್ಲಿ ಹೇಳಬೇಕೆಂದರೆ, ಮೊದಲ ವಾರದ ಕೊನೆಗೆ ಗಾಯದ ಜಾಗಕ್ಕೆ ಇರುವುದು ಮೊದಲಿನ ಚರ್ಮದ ಬಲದಲ್ಲಿ ಸುಮಾರು ಶೇ. 3 ಮಾತ್ರ. ಮೂರನೇ ವಾರಕ್ಕೆ ಶೇ. 20ರ ಆಸುಪಾಸು. ಮೂರು ತಿಂಗಳಿಗೆ ಶೇ. 80ರ ಹತ್ತಿರ ಬರುತ್ತದೆ, ಅಲ್ಲಿಂದ ಮುಂದೆ ಹೆಚ್ಚು ಏರುವುದಿಲ್ಲ. ಮೊದಲ ವಾರಗಳಲ್ಲಿ ಗಾಯವನ್ನು ನಿಜವಾಗಿ ಹಿಡಿದಿರುವುದು ವೈದ್ಯರು ಹಾಕಿದ ಹೊಲಿಗೆ. ಅಕ್ಕ ಮಗುವಿಗಾಗಿ ಬಗ್ಗಿದ ದಿನ ಅವಳ ಒಳಗಾಯಕ್ಕೆ ಇದ್ದದ್ದು ಸುಮಾರು ಐದರಲ್ಲಿ ಒಂದು ಪಾಲು ಬಲ. ಮಗುವಿನ ತೂಕ 16 ಕೆ.ಜಿ. ಸುಮಾರು ಆರು ವಾರ 4-5 ಕೆ.ಜಿ.ಗಿಂತ ಜಾಸ್ತಿ ಎತ್ತಬೇಡಿ ಅಂತ ಹೆಚ್ಚಿನ ವೈದ್ಯರು ಹೇಳುವುದು ಇದಕ್ಕೇ.

ನನ್ನ ಪ್ರಕಾರ ಮೊದಲ ವಾರಕ್ಕಿಂತ ಮೂರು, ನಾಲ್ಕನೇ ವಾರದ ಬಗ್ಗೆಯೇ ಹೆಚ್ಚು ಹೆದರಬೇಕು. ಮೊದಲ ವಾರ ನೋವೇ ಕಾವಲು ಕಾಯುತ್ತದೆ. ನಾಲ್ಕನೇ ವಾರ ನೋವು ಹೋಗಿರುತ್ತದೆ, ಬಲ ಬಂದಿರುವುದಿಲ್ಲ. ಜೊತೆಗೆ ಮನೆಯವರೂ "ಈಗ ಪರವಾಗಿಲ್ಲ ಅಲ್ವಾ?" ಅನ್ನಲು ಶುರು ಮಾಡಿರುತ್ತಾರೆ.

ಅಕ್ಕನಿಗೆ ಆದದ್ದು ಕ್ಯಾನ್ಸರ್‌ಗಾಗಿ ತೆಗೆದ ಸ್ತನವನ್ನು ಅವಳ ಹೊಟ್ಟೆಯ ಚರ್ಮ, ಕೊಬ್ಬಿನಿಂದಲೇ ಮತ್ತೆ ಕಟ್ಟುವ ಆಪರೇಷನ್. ವೈದ್ಯರ ಬಾಯಲ್ಲಿ ಇದು 'ಡೀಪ್ ಫ್ಲಾಪ್'. ದೇಹದ್ದೇ ಅಂಗಾಂಶ ತಂದು ಎದೆ ಮುಚ್ಚುವ ಯೋಚನೆ ಹೊಸದಲ್ಲ. ಇಟಲಿಯ ಇಜಿನಿಯೊ ತಾನ್ಸಿನಿ 1906ರಲ್ಲೇ ಬೆನ್ನಿನ ಸ್ನಾಯು, ಚರ್ಮವನ್ನು ಎದೆಗೆ ತಿರುಗಿಸಿದ ವಿಧಾನವನ್ನು ಬರೆದಿದ್ದರು. 1982ರಲ್ಲಿ ಅಮೆರಿಕದ ಕಾರ್ಲ್ ಹಾರ್ಟ್‌ರಾಂಫ್ ಹೊಟ್ಟೆಯ ಕೊಬ್ಬನ್ನು ಅದರ ಸ್ನಾಯುವಿನ ಸಮೇತ ಮೇಲೆ ತರುವ ದಾರಿ ತೋರಿಸಿದರು. ಕೆಲಸವೇನೋ ಚೆನ್ನಾಗಿಯೇ ಆಗುತ್ತಿತ್ತು, ಆದರೆ ಹೊಟ್ಟೆಯ ಗೋಡೆ ಸೊರಗುತ್ತಿತ್ತು. ಸ್ನಾಯುವನ್ನು ಅಲ್ಲೇ ಬಿಟ್ಟು, ಅದರ ಮೂಲಕ ಹಾದು ಬರುವ ಸಣ್ಣ ರಕ್ತನಾಳಗಳನ್ನು ಮಾತ್ರ ಬಿಡಿಸಿ ತೆಗೆಯಬಹುದು ಅಂತ 1989ರಲ್ಲಿ ಜಪಾನಿನ ಇಸಾವೊ ಕೊಶಿಮಾ ಮತ್ತು ಅವರ ಸಹೋದ್ಯೋಗಿ ತೋರಿಸಿದರು. 1990ರ ದಶಕದ ಮೊದಲಲ್ಲಿ ರಾಬರ್ಟ್ ಅಲೆನ್ ಅದನ್ನು ಸ್ತನ ಕಟ್ಟಲು ಬಳಸಿದರು.

ಆ ರಕ್ತನಾಳಗಳ ಅಗಲ ಎರಡು-ಮೂರು ಮಿಲಿಮೀಟರ್. ಅವನ್ನು ಎದೆಗೂಡಿನ ನಾಳಗಳಿಗೆ ಕೂಡಿಸುವ ದಾರ ಕೂದಲಿಗಿಂತ ತೆಳು. ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಹೊಲಿಯುತ್ತಾರೆ. ಮೊದಲ ರಾತ್ರಿ ನರ್ಸ್ ಗಂಟೆಗೊಮ್ಮೆ ಬಂದು ಹೊಸ ಸ್ತನದ ಚರ್ಮ ಮುಟ್ಟಿ, ಬೆಚ್ಚಗಿದೆಯೇ ನೋಡಿ, ಬೆರಳಿನಿಂದ ಒತ್ತಿ ಬಿಟ್ಟು ಬಣ್ಣ ಎಷ್ಟು ಬೇಗ ವಾಪಸ್ ಬರುತ್ತದೆ ಅಂತ ಎಣಿಸುತ್ತಿದ್ದರು. ಆ ಒಂದು ಸಣ್ಣ ಕೊಳವೆಯ ಮೇಲೆ ಇಡೀ ಅಂಗಾಂಶ ಬದುಕಿರುತ್ತದೆ.

ಎಲ್ಲರಿಗೂ ಇದೇ ವಿಧಾನ ಅಂತಲ್ಲ. ಅನೇಕರಿಗೆ ಎದೆಯ ಚರ್ಮದ ಅಡಿಯಲ್ಲಿ ಎಕ್ಸ್‌ಪಾಂಡರ್ ಎಂಬ ಖಾಲಿ ಚೀಲ ಇಡುತ್ತಾರೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಅದಕ್ಕೆ ಸೆಲೈನ್ ತುಂಬಿಸುತ್ತಾ ಚರ್ಮವನ್ನು ಹಿಗ್ಗಿಸಿ, ಕೆಲವು ತಿಂಗಳ ಮೇಲೆ ಅದರ ಬದಲು ಇಂಪ್ಲಾಂಟ್ ಕೂರಿಸುತ್ತಾರೆ. ಚರ್ಮ ಬರೀ ಎಳೆದುಕೊಳ್ಳುವುದಿಲ್ಲ, ಎಳೆತಕ್ಕೆ ಹೊಸ ಜೀವಕೋಶಗಳು ಹುಟ್ಟಿ ಅದು ನಿಜವಾಗಿಯೂ ಬೆಳೆಯುತ್ತದೆ. ಗರ್ಭಿಣಿಯ ಹೊಟ್ಟೆ ಬೆಳೆದ ಹಾಗೆ.

ಅಕ್ಕ ಮನೆಗೆ ಬಂದಾಗ ಜೊತೆಗೆ ಡ್ರೈನ್‌ಗಳೂ ಬಂದವು. ಗಾಯದ ಒಳಗಿಂದ ಹೊರಬರುವ ಸಣ್ಣ ಕೊಳವೆ, ತುದಿಯಲ್ಲಿ ಅಂಗೈಯಲ್ಲಿ ಹಿಡಿಸುವ ಮೆತ್ತನೆ ಬುಡ್ಡಿ. ಬುಡ್ಡಿಯನ್ನು ಹಿಸುಕಿ ಮುಚ್ಚಿದರೆ ಅದು ಉಬ್ಬಲು ನೋಡುತ್ತಾ ಒಳಗಿನ ದ್ರವವನ್ನು ಎಳೆದುಕೊಳ್ಳುತ್ತದೆ. ಆ ದ್ರವ ಒಳಗೇ ನಿಂತರೆ ಹೊಸ ಅಂಗಾಂಶ ಎದೆಗೆ ಅಂಟಿಕೊಳ್ಳುವುದಿಲ್ಲ, ಸೋಂಕಿಗೂ ದಾರಿಯಾಗುತ್ತದೆ. ದಿನಕ್ಕೆರಡು ಸಲ ನಾನು ಖಾಲಿ ಮಾಡಿ ಅಳತೆ ಹೇಳುತ್ತಿದ್ದೆ, ಅಕ್ಕನ ಹತ್ತು ವರ್ಷದ ಮಗಳು ಅವಳದೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ದಿನದ ಲೆಕ್ಕ 60 ಮಿ.ಲೀ., 48, 41 ಅಂತ ಇಳಿಯುತ್ತಾ ಬಂತು. ಬಣ್ಣವೂ ಕೆಂಪಿನಿಂದ ಗುಲಾಬಿಗೆ, ಗುಲಾಬಿಯಿಂದ ತೆಳು ಹಳದಿಗೆ ತಿರುಗಿತು. 30ಕ್ಕಿಂತ ಕಡಿಮೆಯಾದರೆ ತೆಗೆಯೋಣ ಅಂದಿದ್ದರು ವೈದ್ಯರು.

ಒಂದು ದಿನ 55ಕ್ಕೆ ಏರಿತು. ಮಗಳು ಹಿಂದಿನ ಪುಟ ತಿರುಗಿಸಿ ನೋಡಿ, "ಅಮ್ಮ, ನಿನ್ನೆ ನೀನು ಬಟ್ಟೆ ಒಣಗಿಸಿದೆ" ಅಂದಳು. ಅಕ್ಕ ಮಾತಾಡಲಿಲ್ಲ. ಕೈ ತಲೆಗಿಂತ ಮೇಲೆ ಎತ್ತಿ ಎಳೆದಾಗ ಒಳಗೆ ಅಂಟುತ್ತಿರುವ ಪದರಗಳು ಒಂದರ ಮೇಲೊಂದು ಜಾರುತ್ತವೆ, ಮತ್ತೆ ದ್ರವ ಒಸರುತ್ತದೆ. ಬಟ್ಟೆ ಒಣಗಿಸುವುದನ್ನು ನಮ್ಮಲ್ಲಿ ಯಾರೂ ಕೆಲಸದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಭಾರದ ಬಾಗಿಲು ತಳ್ಳುವುದು, ಬಿಗಿ ಮುಚ್ಚಳ ತಿರುಗಿಸುವುದು, ಕೈಯೂರಿ ಹಾಸಿಗೆಯಿಂದ ಏಳುವುದು, ಇವೆಲ್ಲವೂ ಎದೆಯ ಸ್ನಾಯುವನ್ನೇ ಎಳೆಯುತ್ತವೆ.

ಹಾಗಂತ ಸುಮ್ನೆ ಮಲಗಿರುವುದೂ ಒಳ್ಳೆಯದಲ್ಲ. ನಡೆಯದಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಹೇಳಿಕೊಟ್ಟ ವ್ಯಾಯಾಮ ಮಾಡದಿದ್ದರೆ ಭುಜ ಬಿಗಿದುಕೊಳ್ಳುತ್ತದೆ. ಅಕ್ಕ ಮೊದಲ ವಾರ ಹೊಟ್ಟೆಯ ಹೊಲಿಗೆ ಎಳೆಯದಂತೆ ಬಗ್ಗಿಕೊಂಡೇ ನಡೆದಳು. ಆದರೂ ದಿನಾ ನಡೆದಳು.

ಬೇಸಿಗೆಯ ಒಂದು ಅಪಾಯ ಮಾತ್ರ ನನಗೆ ಮೊದಲು ಗೊತ್ತೇ ಇರಲಿಲ್ಲ. ಸ್ತನ ತೆಗೆಯುವಾಗ ಚರ್ಮದ ನರಗಳು ತುಂಡಾಗುತ್ತವೆ. ಕಟ್ಟಿದ ಸ್ತನಕ್ಕೆ ಸ್ಪರ್ಶ, ಬಿಸಿ, ತಂಪು ಗೊತ್ತಾಗುವುದಿಲ್ಲ. ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಮೊದಲಿನ ಅರಿವು ಪೂರ್ತಿ ಬರದೆಯೂ ಇರಬಹುದು. ಸಾಮಾನ್ಯ ಚರ್ಮ ಬಿಸಿಯಾದರೆ ನಾವು ತಟ್ಟನೆ ಸರಿಯುತ್ತೇವೆ. ಅಲ್ಲದೆ ಅಲ್ಲಿನ ರಕ್ತನಾಳಗಳು ಹಿಗ್ಗಿ, ಹರಿಯುವ ರಕ್ತ ಬಿಸಿಯನ್ನು ಹೊತ್ತೊಯ್ಯುತ್ತದೆ. ಕಟ್ಟಿದ ಸ್ತನದಲ್ಲಿ ಈ ಎರಡೂ ಸೋತಿರುತ್ತವೆ. ನೋವಿಗೆಂದು ಇಟ್ಟುಕೊಂಡ ಬಿಸಿನೀರಿನ ಚೀಲದಿಂದ, ಕಪ್ಪು ಈಜುಡುಪು ತೊಟ್ಟು ಬಿಸಿಲಲ್ಲಿ ಮಲಗಿದ್ದರಿಂದ ಸುಟ್ಟ ಗಾಯವಾದ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಬೊಬ್ಬೆ ಕಣ್ಣಿಗೆ ಬೀಳುವವರೆಗೂ ಅವರಿಗೆ ಗೊತ್ತಾಗಿರಲಿಲ್ಲ. ಇದನ್ನು ಓದಿದ ದಿನವೇ ಮನೆಯ ಬಿಸಿನೀರಿನ ಚೀಲವನ್ನು ಅಟ್ಟಕ್ಕೆ ಹಾಕಿದೆ.

ಹೊಸ ಕಲೆಯ ಮೇಲೆ ಬಿಸಿಲು ಬಿದ್ದರೆ ಅದು ಕಪ್ಪಾಗಿ ಹಾಗೇ ಉಳಿಯಬಹುದು, ಹಾಗಾಗಿ ಒಂದು ವರ್ಷ ಮುಚ್ಚಿಕೊಳ್ಳಲು ಹೇಳುತ್ತಾರೆ. ಗಾಯ ಪೂರ್ತಿ ಮುಚ್ಚುವವರೆಗೆ ಈಜುಕೊಳ, ಕೆರೆ, ಸಮುದ್ರ ಯಾವುದೂ ಬೇಡ. ಕಂಕುಳಿನ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದಿದ್ದರೆ ಸೆಖೆಗೆ ಕೈ ಊದುವುದು ಇನ್ನೂ ಜಾಸ್ತಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಕೆಂಪು ಹರಡುತ್ತಾ ಹೋದರೆ, ಕೀವು ಕಂಡರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು. ರಜೆ ಮುಗಿಯಲಿ ಅಂತ ಕಾಯಬಾರದು.

ಮಂಡಿ ತರಚಿದ ಆ ದಿನದ ಸಂಜೆ ಅಕ್ಕ ಸುಮ್ಮನೆ ಅತ್ತಳು. "ಪ್ರತಿ ಸಲ 'ಆಗಲ್ಲ ಕಂದ' ಅನ್ನೋದೇ ಸುಸ್ತು ಕಣೆ" ಅಂದಳು. ನನಗೆ ಆಗ ನಾಚಿಕೆಯಾಯಿತು. ಏನೇನು ಮಾಡಬಾರದು ಅನ್ನುವ ಪಟ್ಟಿ ಆಸ್ಪತ್ರೆಯವರು ಕೊಟ್ಟಿದ್ದರು. ಅದು ಅವಳ ದಿಂಬಿನ ಪಕ್ಕ ಇತ್ತು. ಅದನ್ನು ಓದಬೇಕಾದವರು ನಾವು. ಬೇಡ ಅನ್ನುವ ಕೆಲಸವನ್ನೂ ಅವಳ ಮೇಲೇ ಹೊರಿಸಿದ್ದೆವು. ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಡ್ಜಿನ ಬಾಗಿಲಿಗೆ ಅಂಟಿಸಿದೆವು. ಚಿಕ್ಕವನಿಗೆ ಬೇರೆ ದಾರಿ ಹುಡುಕಿದೆವು. ಅಮ್ಮ ಸೋಫಾದಲ್ಲಿ ಕೂರಬೇಕು, ಎದೆಗೆ ಅಡ್ಡ ಒಂದು ದಿಂಬು, ಅವನು ಪಕ್ಕದಿಂದ ತಾನೇ ಹತ್ತಿ ಬಂದು ಒರಗಬೇಕು. ಎರಡೇ ದಿನಕ್ಕೆ ಕಲಿತ. ದಿಂಬು ತರುವುದೂ ಅವನದೇ ಕೆಲಸವಾಯಿತು.

ಹನ್ನೆರಡನೇ ವಾರದ ತಪಾಸಣೆಯಲ್ಲಿ ವೈದ್ಯರು "ಇನ್ನು ಎತ್ತಿಕೊಳ್ಳಬಹುದು" ಅಂದರು. ಅಷ್ಟರಲ್ಲಿ ರಜೆ ಮುಗಿದು ಶಾಲೆ ಶುರುವಾಗಿತ್ತು. ಮನೆಗೆ ಬಂದ ಅಕ್ಕ ಬಾಗಿಲಲ್ಲೇ ಮಂಡಿಯೂರಿ ಎರಡೂ ಕೈ ಚಾಚಿದಳು. ಅವನು ಅವಳನ್ನೊಮ್ಮೆ ನೋಡಿ ದಿಂಬು ತರಲು ಒಳಗೆ ಓಡಿದ.