ವರ್ಕ್‌ಸ್ಟೇಷನ್ ಕೀಬೋರ್ಡ್: ಮ್ಯಾನ್ಯುಯಲ್ ಎಲ್ಲಿಂದ ತೆರೆಯಬೇಕು?

ನಾದಗಳನ್ನು ತಿದ್ದಿ ಹಾಡನ್ನೂ ರೆಕಾರ್ಡ್ ಮಾಡಬಲ್ಲ ವರ್ಕ್‌ಸ್ಟೇಷನ್ ಕೀಬೋರ್ಡ್ ಹಿಡಿದು ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯಿಂದ ನನ್ನ ಬಳಿ ಬರುವ ಕೀಬೋರ್ಡ್ ವಾದಕರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು: “ಒಂಟಿಯಾಗಿ ನುಡಿಸಿದಾಗ ತುಂಬಿಕೊಂಡು ಬರುವ ಪಿಯಾನೊ, ಕಾಂಬಿನೇಷನ್‌ಗೆ ಹಾಕಿದ ಕೂಡಲೇ ಸಪ್ಪೆಯಾಗುತ್ತದೆ. ಕೀಬೋರ್ಡ್ ಕೆಟ್ಟಿದೆಯೇ ಸರ್?”

ಕೆಟ್ಟಿಲ್ಲ. ಕಾರ್ಗ್ ಕಂಪನಿಯ ಕ್ರೋನೋಸ್ ವರ್ಕ್‌ಸ್ಟೇಷನ್‌ನಲ್ಲಿ ಪ್ರೋಗ್ರಾಂ ಎಂದರೆ ಒಂದು ಟೋನ್ ಮತ್ತು ಅದಕ್ಕೆಂದೇ ಜೋಡಿಸಿದ ಎಫೆಕ್ಟ್‌ಗಳು, ಅಂದರೆ ರಿವರ್ಬ್, ಕೋರಸ್‌ನಂಥ ನಾದದ ಅಲಂಕಾರಗಳು. ಕಾಂಬಿನೇಷನ್ ಎಂದರೆ ಹಲವು ಪ್ರೋಗ್ರಾಂಗಳನ್ನು ಒಟ್ಟಿಗೆ ನುಡಿಸುವ ಜೋಡಣೆ. ಅದನ್ನು ಕಾಂಬಿನೇಷನ್‌ನಲ್ಲಿ ಆರಿಸಿದಾಗ ಟೋನ್ ಬರುತ್ತದೆ, ರಿವರ್ಬ್ ಕೋರಸ್‌ಗಳು ಹಿಂದೆಯೇ ಉಳಿಯುತ್ತವೆ. ಕಾಂಬಿನೇಷನ್‌ಗೆ ತನ್ನದೇ ಎಫೆಕ್ಟ್‌ಗಳಿವೆ. ಪ್ರೋಗ್ರಾಂಗಳು ಕೂರುವ 16 ಟಿಂಬರ್‌ಗಳೂ ಸೇರಿ 12 ಇನ್ಸರ್ಟ್, 2 ಮಾಸ್ಟರ್, 2 ಟೋಟಲ್ ಎಫೆಕ್ಟ್‌ಗಳನ್ನು ಹಂಚಿಕೊಳ್ಳಬೇಕು. ಪಿಯಾನೊದ ಮೂಲ ಎಫೆಕ್ಟನ್ನು ಮೆನುವಿನಿಂದ ನಕಲು ಮಾಡಿ ತಂದು, ಆ ಟಿಂಬರ್‌ನ ಬಸ್ಸನ್ನು (ನಾದ ಸಾಗುವ ದಾರಿಯನ್ನು) ಅದಕ್ಕೆ ತಿರುಗಿಸಿದರೆ ಪಿಯಾನೊಗೆ ಜೀವ ಮರಳುತ್ತದೆ.

ಇದಿಷ್ಟೂ ಮ್ಯಾನ್ಯುಯಲ್‌ನಲ್ಲಿ ಅಚ್ಚಾಗಿದೆ. ಆದರೂ ಸಿಗುವುದಿಲ್ಲ, ಏಕೆಂದರೆ ಮೊದಲ ಪುಟದಿಂದ ಓದಲು ಹೊರಟವರು ಮುನ್ನೆಚ್ಚರಿಕೆಗಳನ್ನೂ ಹಿಂಬದಿಯ ಸಾಕೆಟ್‌ಗಳನ್ನೂ ದಾಟುವಷ್ಟರಲ್ಲಿ ಬೇಸತ್ತು ಮುಚ್ಚಿಡುತ್ತಾರೆ. ವರ್ಕ್‌ಸ್ಟೇಷನ್ನಿನ ಮ್ಯಾನ್ಯುಯಲ್ ಆದಿಯಿಂದ ಅಂತ್ಯದವರೆಗೆ ಓದುವ ಪುಸ್ತಕವಲ್ಲ. ಕೈಯಲ್ಲೊಂದು ಪ್ರಶ್ನೆ ಹಿಡಿದೇ ಅದರ ಬಳಿ ಹೋಗಬೇಕು, ಯಾವ ಪ್ರಶ್ನೆಗೆ ಯಾವ ಸಂಪುಟ ಎಂಬುದೂ ಗೊತ್ತಿರಬೇಕು.

ಕ್ರೋನೋಸ್‌ನ ಆಪರೇಷನ್ ಗೈಡ್ ಕೆಲಸ ಮಾಡುವ ಕ್ರಮವನ್ನು ಹೇಳುತ್ತದೆ: ಸ್ಪ್ಲಿಟ್ ಮಾಡುವುದು (ಕೀಗಳನ್ನು ಭಾಗಿಸಿ ಬೇರೆ ಬೇರೆ ಟೋನ್ ಕೊಡುವುದು) ಹೇಗೆ, ಹಾಡು ರೆಕಾರ್ಡ್ ಮಾಡುವುದು ಹೇಗೆ. ಪ್ಯಾರಾಮೀಟರ್ ಗೈಡ್ ಪರದೆಯ ಮೇಲಿನ ಪ್ರತಿಯೊಂದು ಅಂಕಿಯ ಅರ್ಥವನ್ನು ಪುಟವಾರು ಬಿಡಿಸುತ್ತದೆ. ವಾಯ್ಸ್ ನೇಮ್ ಲಿಸ್ಟ್ ಟೋನ್‌ಗಳ ಪಟ್ಟಿ. ಯಮಾಹಾ ಮೋಟಿಫ್ ಎಕ್ಸ್‌ಎಫ್‌ಗೂ ಹೀಗೆಯೇ ಓನರ್ಸ್ ಮ್ಯಾನ್ಯುಯಲ್, ರೆಫರೆನ್ಸ್ ಮ್ಯಾನ್ಯುಯಲ್, ಡೇಟಾ ಲಿಸ್ಟ್ ಬೇರೆ ಬೇರೆ. ಜತೆಗೆ ಯಮಾಹಾದ ಸಿಂಥಸೈಜರ್ ಪ್ಯಾರಾಮೀಟರ್ ಮ್ಯಾನ್ಯುಯಲ್ ಎಂಬುದೊಂದಿದೆ. ಫಿಲ್ಟರ್, ಎನ್ವಲಪ್, ಎಲ್‌ಎಫ್‌ಒ ಎಂದರೇನು ಎಂದು ತಿಳಿಯಲು, ನಿಮ್ಮ ಕೀಬೋರ್ಡ್ ಬೇರೆ ಕಂಪನಿಯದಾದರೂ, ನಾನು ಮೊದಲು ಕೊಡುವುದು ಅದನ್ನೇ. ಎಲ್ಲವೂ ಕಂಪನಿಗಳ ಜಾಲತಾಣಗಳಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಸಿಗುತ್ತವೆ. ಪರದೆಯ ಮೇಲೆ ಕಂಡ ಪದವನ್ನು ಅದೇ ಕಾಗುಣಿತದಲ್ಲಿ ಪಿಡಿಎಫ್‌ನೊಳಗೆ ಹುಡುಕಿ. ಕ್ರೋನೋಸ್‌ನಲ್ಲಿ ಹೆಲ್ಪ್ ಗುಂಡಿ ಒತ್ತಿದರೆ ಆ ವಿವರಣೆ ವಾದ್ಯದ ಪರದೆಯಲ್ಲೇ ತೆರೆದುಕೊಳ್ಳುತ್ತದೆ.

ಸಾಲು ಬಿಡದೆ ಓದಬೇಕಾದದ್ದು ಒಂದೇ ಅಧ್ಯಾಯ, ವಾದ್ಯದ ಒಳರಚನೆಯದು. ಕ್ರೋನೋಸ್‌ನ ಕಾಂಬಿನೇಷನ್ ತನ್ನೊಳಗೆ ಪ್ರೋಗ್ರಾಂ ಅನ್ನು ನಕಲು ಮಾಡಿ ಇಟ್ಟುಕೊಳ್ಳುವುದಿಲ್ಲ, ಇಂಥ ಬ್ಯಾಂಕಿನ ಇಂಥ ಸಂಖ್ಯೆ ಎಂದಷ್ಟೇ ನೆನಪಿಡುತ್ತದೆ. ಆ ಪ್ರೋಗ್ರಾಂ ತಿದ್ದಿ ಅಲ್ಲೇ ಬರೆದಿಟ್ಟರೆ ಅದನ್ನು ಬಳಸಿದ ಎಲ್ಲ ಕಾಂಬಿನೇಷನ್‌ಗಳೂ ಬದಲಾಗುತ್ತವೆ. 2016ರಲ್ಲಿ ಬಂದ ಯಮಾಹಾ ಮೊಂಟಾಜ್ ಇದಕ್ಕೆ ತದ್ವಿರುದ್ಧ. ಅದರ ಪರ್ಫಾರ್ಮೆನ್ಸ್ (ಕಾಂಬಿನೇಷನ್‌ನಂಥದೇ ಜೋಡಣೆ) ತನ್ನ ಭಾಗಗಳನ್ನು ಪೂರ್ತಿಯಾಗಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಮೋಟಿಫ್‌ನಲ್ಲಿ ಕೈ ಪಳಗಿದವರೂ ಮೊಂಟಾಜ್ ಮುಂದೆ ಕುಳಿತು, ಬಿಡಿ ಟೋನ್ ಆರಿಸುತ್ತಿದ್ದ ವಾಯ್ಸ್ ಮೋಡ್ ಎಲ್ಲಿ ಎಂದು ಹುಡುಕುವುದು ಇದರಿಂದಲೇ. ಈ ಅಧ್ಯಾಯದಲ್ಲಿರುವ ಬ್ಲಾಕ್ ಡಯಾಗ್ರಮ್ಮನ್ನು ಕೈಯಿಂದ ಒಮ್ಮೆ ಬರೆಯಿರಿ. ಆಸಿಲೇಟರ್ (ನಾದ ಹುಟ್ಟುವ ಜಾಗ), ಫಿಲ್ಟರ್, ಆಂಪ್ಲಿಫೈಯರ್, ಎಫೆಕ್ಟ್, ಔಟ್‌ಪುಟ್ ಎಂಬ ದಾರಿ ಮನಸ್ಸಿನಲ್ಲಿ ನಿಂತರೆ, ನಾದ ಎಲ್ಲಿ ತಡೆದಿದೆ ಎಂದು ಹುಡುಕಲು ಯಾರನ್ನೂ ಕೇಳಬೇಕಾಗಿಲ್ಲ.

ಮಡಿಕೇರಿ ದಸರೆಯ ದಶಮಂಟಪಗಳಲ್ಲೊಂದರ ಹಿನ್ನೆಲೆ ಸಂಗೀತಕ್ಕೆ ಕೊಂಬಿನ ನಾದ ಬೇಕೆಂದು ಶಿಷ್ಯೆಯೊಬ್ಬಳು ಬಂದಿದ್ದಳು. ಮದುವೆ ಮನೆಯಲ್ಲಿ, ಊರ ಹಬ್ಬದಲ್ಲಿ ಕೊಂಬು ಊದುವ ಕಲಾವಿದರ ಜಾಗವನ್ನು ಯಾವ ಯಂತ್ರವೂ ತುಂಬಲಾರದು, ತುಂಬಲೂಬಾರದು ಎಂದು ಮೊದಲೇ ಹೇಳಿದೆ. ಆದರೆ ಕೊಂಬಿನ ಗುಣವನ್ನು ಹುಡುಕುವುದು ಒಳ್ಳೆಯ ಪಾಠ. ಕೊಂಬಿನ ಸ್ವರ ನೇರವಾಗಿ ನಿಲ್ಲುವುದಿಲ್ಲ, ತುಸು ಕೆಳಗಿನಿಂದ ಎತ್ತಿಕೊಂಡು ಮೇಲೇರುತ್ತದೆ. ಹಾಗಾಗಿ ಒಂದು ಬ್ರಾಸ್ ಪ್ರೋಗ್ರಾಂ ತೆಗೆದುಕೊಂಡು ಪಿಚ್ ಇಜಿ (ಸ್ವರ ನುಡಿದಂತೆ ಶ್ರುತಿ ಏರಿಳಿಯುವ ಬಗೆಯನ್ನು ನಿಗದಿಪಡಿಸುವ ಎನ್ವಲಪ್) ಪುಟದಲ್ಲಿ ಆರಂಭದ ಮಟ್ಟವಾದ ಸ್ಟಾರ್ಟ್ ಲೆವೆಲ್ ಅನ್ನು -99ಕ್ಕೆ ಇಳಿಸಿದಳು. ನುಡಿಸಿದರೆ ಯಾವ ಬದಲಾವಣೆಯೂ ಇಲ್ಲ.

ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ. ಅವಳು ಪ್ಯಾರಾಮೀಟರ್ ಗೈಡ್ ತೆರೆದಳು. ಪಿಚ್ ಇಜಿ ಪುಟದಲ್ಲಿ ಸಿಗುವುದು ಏರಿಳಿತದ ಆಕಾರ ಮಾತ್ರ. ಆ ಆಕಾರ ಶ್ರುತಿಯನ್ನು ಎಷ್ಟು ಎಳೆಯಬೇಕು ಎಂಬುದು ಆಸಿಲೇಟರ್‌ನ ಪಿಚ್ ಪುಟದಲ್ಲಿರುವ ಇಂಟೆನ್ಸಿಟಿಗೆ ಸೇರಿದ್ದು. ಅದು -12.00ರಿಂದ +12.00ರವರೆಗೆ ಹೋಗುತ್ತದೆ. 12.00 ಇಟ್ಟರೆ 99ರ ಲೆವೆಲ್ ಒಂದು ಪೂರ್ಣ ಸಪ್ತಕದಷ್ಟು ಎಳೆಯುತ್ತದೆ, ಸೊನ್ನೆ ಇದ್ದರೆ ಆಕಾರ ಎಷ್ಟೇ ತಿದ್ದಿದರೂ ಕಿವಿಗೆ ತಲುಪುವುದಿಲ್ಲ. ಅವಳ ಪ್ರೋಗ್ರಾಂನಲ್ಲಿ ಇದ್ದದ್ದು ಸೊನ್ನೆ. ಅದನ್ನು 3.00 ಮಾಡಿದಾಗ ಸ್ವರ ಮೂರು ಅರೆಸ್ವರ ಕೆಳಗಿನಿಂದ ಹೊರಟಿತು. ಪ್ರೋಗ್ರಾಂನಲ್ಲಿ ಎರಡು ಆಸಿಲೇಟರ್‌ಗಳಿದ್ದದ್ದರಿಂದ ಎರಡಕ್ಕೂ ಪ್ರತ್ಯೇಕವಾಗಿ ಕೊಡಬೇಕಾಯಿತು, ಇಲ್ಲದಿದ್ದರೆ ಒಂದು ಕೊಂಬು ಏರುತ್ತದೆ, ಇನ್ನೊಂದು ನಿಂತಲ್ಲೇ ಊದುತ್ತದೆ. ಸ್ವರ ಮೇಲೇರಲು ಹಿಡಿಯುವ ಅಟ್ಯಾಕ್ ಟೈಮ್ ಎಷ್ಟಿರಬೇಕೆಂದು ಯಾವ ಪುಸ್ತಕವೂ ಹೇಳುವುದಿಲ್ಲ, ಅದನ್ನು ಕಿವಿಯಿಂದಲೇ ಹಿಡಿಯಬೇಕು. ಕಂಪೇರ್ ಗುಂಡಿ ಒತ್ತಿ ತಿದ್ದುವ ಮೊದಲಿನ ನಾದವನ್ನು ಮತ್ತೆ ಮತ್ತೆ ಕೇಳುತ್ತಾ ಅವಳು ಹಿಡಿದಳು.

ವರ್ಕ್‌ಸ್ಟೇಷನ್‌ನಲ್ಲಿ ‘ಕೆಲಸ ಮಾಡದ’ ಪ್ಯಾರಾಮೀಟರ್‌ಗಳ ಹಿಂದೆ ಬಹುಪಾಲು ಇಂಥದ್ದೇ ಕಾರಣವಿರುತ್ತದೆ. ಇನ್ನೊಂದು ಪುಟದಲ್ಲಿ ಅದರ ಪ್ರಮಾಣ ಸೊನ್ನೆಯಲ್ಲಿರುತ್ತದೆ, ಇಲ್ಲವೇ ಅದನ್ನು ನಡೆಸುವ ಸ್ವಿಚ್ ಆಫ್ ಇರುತ್ತದೆ. ವಿವರಣೆಯಲ್ಲಿ ‘ಇಂಥ ಪುಟ ನೋಡಿ’ ಎಂದು ಕೊಟ್ಟಿದ್ದರೆ ಬಿಡದೆ ಆ ಪುಟಕ್ಕೆ ಹೋಗಿ.

ಸೆಕೆಂಡ್ ಹ್ಯಾಂಡ್ ವಾದ್ಯ ಕೊಂಡವರಿಗೆ ಇನ್ನೊಂದು ತೊಡಕಿದೆ. ಹಿಂದಿನ ಮಾಲೀಕರು ಟೋನ್‌ಗಳನ್ನು ಅದಲುಬದಲು ಮಾಡಿರುತ್ತಾರೆ, ವಾಯ್ಸ್ ಲಿಸ್ಟ್‌ಗೂ ಪರದೆಗೂ ತಾಳೆಯಾಗುವುದಿಲ್ಲ. ಇರುವುದನ್ನು ಮೊದಲು ಯುಎಸ್‌ಬಿಗೆ ತೆಗೆದಿಟ್ಟು, ಆಮೇಲೆ ಕಾರ್ಖಾನೆಯ ಮೂಲ ಟೋನ್‌ಗಳನ್ನು ಲೋಡ್ ಮಾಡಿ. ಕ್ರೋನೋಸ್‌ನಲ್ಲಿ ಅವು ಒಳಗಿನ ಡಿಸ್ಕಿನಲ್ಲೇ ಇರುತ್ತವೆ. ವಾದ್ಯದಲ್ಲಿರುವ ಸಾಫ್ಟ್‌ವೇರ್ ಆವೃತ್ತಿಯದೇ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಸಸ್ಟೇನ್ ಪೆಡಲ್ ಒತ್ತಿದಾಗ ನಾದ ನಿಂತು, ಬಿಟ್ಟಾಗ ಎಳೆಯುತ್ತಿದ್ದರೆ ಪೆಡಲ್ ಬದಲಿಸಬೇಡಿ. ಬೇರೆ ಕಂಪನಿಯ ಪೆಡಲ್‌ನ ಪೊಲಾರಿಟಿ (ಆನ್-ಆಫ್ ದಿಕ್ಕು) ತಿರುವುಮುರುವಾಗಿರಬಹುದು, ಇಡೀ ವಾದ್ಯದ ಸೆಟ್ಟಿಂಗ್‌ಗಳಿರುವ ಗ್ಲೋಬಲ್ ಮೋಡ್‌ನಲ್ಲಿ ಸರಿಪಡಿಸಬಹುದು.

ಕಾರ್ಯಕ್ರಮಗಳಿಲ್ಲದ ಈ ಮಳೆಗಾಲ ಕಲಿಯಲು ಹೇಳಿ ಮಾಡಿಸಿದ ಕಾಲ. ಆದರೆ ನಮ್ಮಲ್ಲಿ ಗಾಳಿ ಬೀಸಿ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಆದ್ದರಿಂದ ಒಳರಚನೆಯ ಅಧ್ಯಾಯ ಮುಗಿದ ಕೂಡಲೇ ಉಳಿಸಿಡುವ ಅಧ್ಯಾಯ ತೆರೆಯಬೇಕೆಂದು ನಾನು ಒತ್ತಾಯಿಸುತ್ತೇನೆ. ತಿದ್ದಿದ ಪ್ರೋಗ್ರಾಂ, ಕಾಂಬಿನೇಷನ್‌ಗಳನ್ನು ರೈಟ್ ಮಾಡಿದರೆ ಅವು ವಾದ್ಯದೊಳಗೆ ಉಳಿಯುತ್ತವೆ. ವಾದ್ಯದೊಳಗಿನ ರೆಕಾರ್ಡರ್ ಆದ ಸೀಕ್ವೆನ್ಸರ್‌ನಲ್ಲಿ ರೆಕಾರ್ಡ್ ಮಾಡಿದ ಹಾಡು ಹಾಗಲ್ಲ. ಕ್ರೋನೋಸ್ ಆಫ್ ಆದರೆ ಅದು ಹೋದಂತೆಯೇ, ಡಿಸ್ಕ್ ಮೋಡ್‌ಗೆ ಹೋಗಿ ಬೇರೆಯಾಗಿಯೇ ಸೇವ್ ಮಾಡಬೇಕು. ಸೇವ್ ಆಲ್ ಆಯ್ದುಕೊಂಡರೆ ಟೋನ್‌ಗಳೂ ಹಾಡುಗಳೂ ಒಟ್ಟಿಗೆ ಉಳಿಯುತ್ತವೆ. ಎರಡೇ ಸಾಲಿನ ಸಣ್ಣ ಹಾಡೊಂದನ್ನು ರೆಕಾರ್ಡ್ ಮಾಡಿ, ಸೇವ್ ಮಾಡಿ, ಕೀಬೋರ್ಡ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಆ ಫೈಲ್ ಲೋಡ್ ಆಗಿ ಹಾಡು ಸರಿಯಾಗಿ ನುಡಿದರೆ ಮಾತ್ರ ಮುಂದಿನ ಅಧ್ಯಾಯಕ್ಕೆ ಹೋಗಿ.