ಒಂದು ಲೆವೆಲ್ ಬೇರೆ ಕ್ಲಾಸಿಗೆ ಕೊಟ್ರೆ ಡ್ಯಾಮೇಜ್ ಎಷ್ಟು ಬರತ್ತೆ, ಎಷ್ಟು ಹೋಗತ್ತೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಮಲ್ಟಿಕ್ಲಾಸ್ ಬಿಲ್ಡ್, ಅಂದ್ರೆ ಎರಡು ಕಸುಬು ಬೆರೆಸಿ ಕಟ್ಟಿದ ಪಾತ್ರದ ಬಗ್ಗೆ ಮಾತು ಶುರುವಾದ್ರೆ ಒಬ್ರಾದ್ರೂ ಹೇಳೇ ಹೇಳ್ತಾರೆ, ನನ್ನ ಪಾಲಡಿನ್ ಎರಡು ಲೆವೆಲ್ ಫೈಟರ್ ಸೇರಿಸ್ಕೊಂಡಿದಾನೆ, ಆಕ್ಷನ್ ಸರ್ಜ್ (ಅದೇ ಟರ್ನಲ್ಲಿ ಇನ್ನೊಂದು ಆಕ್ಷನ್ ಕೊಡೋ ಫೈಟರ್ ವಿದ್ಯೆ) ಹಾಕಿದ್ರೆ ಒಂದೇ ಟರ್ನಲ್ಲಿ ನಾಲ್ಕು ಏಟು, ನಾಲ್ಕಕ್ಕೂ ಸ್ಮೈಟ್ ಅನ್ನೋ ಹೆಚ್ಚುವರಿ ಡ್ಯಾಮೇಜ್, ಡ್ರ್ಯಾಗನ್ ಅಲ್ಲೇ ಮಟಾಷ್ ಅಂತ. ಕೂಡಿದ ಲೆಕ್ಕ ಸರಿಯಾಗೇ ಇರತ್ತೆ. ಆದ್ರೆ ಒಂದೊಂದು ಏಟು ತಾಗೋ ಸಾಧ್ಯತೆ 65% ಅಂತ ಇಟ್ಕೊಂಡ್ರೆ ನಾಲ್ಕೂ ತಾಗೋ ಸಾಧ್ಯತೆ 0.65ನ್ನ ನಾಲ್ಕು ಸಲ ಗುಣಿಸಿದಷ್ಟು, ಅಂದ್ರೆ ಸುಮಾರು 18%. ಹತ್ತು ಸಲ ಪ್ರಯತ್ನಪಟ್ರೆ ಎರಡು ಸಲ ಕೂಡ ಆಗಲ್ಲ, ಆದ್ರೆ ಕಥೆ ಹೇಳುವಾಗ ಎಲ್ರೂ ಹೇಳೋದು ಆ ಒಂದು ಸಲದ್ದೇ.

ಆಟ ಗೊತ್ತಿಲ್ದೋರಿಗೆ ಒಂದೆರಡು ಮಾತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಬಂದಿದ್ದು, ಗ್ಯಾರಿ ಗೈಗಾಕ್ಸ್ ಮತ್ತೆ ಡೇವ್ ಆರ್ನೆಸನ್ ಮಾಡಿದ್ದು. ಟೇಬಲ್ ಸುತ್ತ ಕೂತು ಒಬ್ಬೊಬ್ರು ಒಂದೊಂದು ಪಾತ್ರ ಆಡ್ತಾರೆ. ಹೊಡೀಬೇಕು ಅಂದ್ರೆ 20 ಮುಖದ ದಾಳ ಉರುಳಿಸಿ, ಬಂದ ಸಂಖ್ಯೆಗೆ ನಿಮ್ಮ ಬೋನಸ್ ಸೇರಿಸಿ, ಅದು ಎದುರಿನವನ ಆರ್ಮರ್ ಕ್ಲಾಸ್, ಅಂದ್ರೆ ಅವನ ರಕ್ಷಣೆಯ ಅಂಕೆ ಮುಟ್ಟಿದ್ರೆ ಏಟು ಬಿತ್ತು. ದಾಳದಲ್ಲಿ 20 ಬಂದ್ರೆ ಕ್ರಿಟ್, ಆಗ ಡ್ಯಾಮೇಜಿನ ದಾಳಗಳು ಎರಡರಷ್ಟು. ಪಾತ್ರಕ್ಕೆ ಒಂದು ಕ್ಲಾಸ್ ಇರತ್ತೆ, ಅದು ಅದರ ಕಸುಬು ಅಂದ್ಕೊಳ್ಳಿ, ಒಟ್ಟು 20 ಲೆವೆಲ್. ಒಂದೇ ಕಸುಬಲ್ಲಿ 20ರವರೆಗೂ ಹೋಗ್ಬಹುದು, ಇಲ್ಲಾ ಮಧ್ಯೆ ಬೇರೆ ಕಸುಬಿನ ಲೆವೆಲ್ ತಗೋಬಹುದು, ಅದೇ ಮಲ್ಟಿಕ್ಲಾಸ್. ನಾನು ಇಲ್ಲಿ ಹಾಕ್ತಿರೋ ಲೆಕ್ಕ 2014ರ ಐದನೇ ಆವೃತ್ತಿಯ ನಿಯಮಗಳದ್ದು, 2024ರ ಪರಿಷ್ಕರಣೆ ಬಗ್ಗೆ ಕೊನೇಲಿ ಬರ್ತೀನಿ.

ಲೆಕ್ಕಕ್ಕೆ ಬೇಕಾಗಿರೋದು ಸರಾಸರಿ ಒಂದೇ. ಆರು ಮುಖದ ದಾಳದ ಸರಾಸರಿ 3.5, ಎಂಟು ಮುಖದ್ದು 4.5. ಮೂರೂವರೆ ಅನ್ನೋ ಮುಖ ಯಾವ ದಾಳದಲ್ಲೂ ಇಲ್ಲ, ಆದ್ರೂ ಸಾವಿರ ಸಲ ಉರುಳಿಸಿದ್ರೆ ಸರಾಸರಿ ಅದರ ಸುತ್ತಮುತ್ತಾನೇ ಬರತ್ತೆ. ಮುಂದೆ ಏನಾಗ್ಬಹುದು ಅನ್ನೋದನ್ನೆಲ್ಲ ತೂಗಿ ಒಂದೇ ಸಂಖ್ಯೆ ಮಾಡೋ ಈ ವಿದ್ಯೆಗೆ ಬುನಾದಿ ಬಿದ್ದಿದ್ದೂ ಜೂಜಿನ ಟೇಬಲ್ ಮೇಲೇನೇ, 1654ರಲ್ಲಿ ಪಾಸ್ಕಲ್ ಮತ್ತೆ ಫರ್ಮಾ ಪತ್ರ ಬರ್ಕೊಂಡಿದ್ದು ಅರ್ಧಕ್ಕೆ ನಿಂತ ಆಟದ ಪಣದ ಹಣ ಹೇಗೆ ಹಂಚೋದು ಅಂತ. ನಮ್ಮ ಸೂತ್ರವೂ ಅಷ್ಟೇ ಸರಳ: ಏಟು ತಾಗೋ ಸಾಧ್ಯತೆ ಗುಣಿಸು ಸರಾಸರಿ ಡ್ಯಾಮೇಜ್, ಅದಕ್ಕೆ ಕ್ರಿಟ್ ಆದಾಗ ಬರೋ ಹೆಚ್ಚುವರಿ ದಾಳದ್ದು 5% ಸೇರಿಸು.

ಈಗ ನಾನೇ ಬಿದ್ದ ಹಳ್ಳದ ಕಥೆ. ನಂದೊಂದು ಫೈಟರ್ ಇತ್ತು, ಕೈಯಲ್ಲಿ ರೇಪಿಯರ್, ಡ್ಯುಯೆಲಿಂಗ್ ಸ್ಟೈಲ್, ಡೆಕ್ಸ್ಟೆರಿಟಿ 18. ನಾಲ್ಕನೇ ಲೆವೆಲ್ ಮುಗೀತು, ಐದಕ್ಕೆ ಒಂದು ಲೆವೆಲ್ ರೋಗ್ ತಗೊಂಡ್ರೆ ಸ್ನೀಕ್ ಅಟ್ಯಾಕ್ ಸಿಗತ್ತಲ್ಲ, ಪ್ರತಿ ಟರ್ನಲ್ಲಿ ಒಂದ್ಸಲ ಒಂದು ಆರು ಮುಖದ ದಾಳ ಜಾಸ್ತಿ, ಬಿಟ್ಟಿಯಾಗಿ ಬರೋದನ್ನ ಬಿಡೋದ್ಯಾಕೆ ಅಂತ ತಗೊಂಡೆ. ಬಿಟ್ಟಿ ಏನಲ್ಲ ಅಂತ ಮುಂದಿನ ಜಗಳದಲ್ಲೇ ಗೊತ್ತಾಯ್ತು. ಪಕ್ಕದಲ್ಲಿದ್ದ ಬಾರ್ಬೇರಿಯನ್ ಎರಡೆರಡು ಸಲ ಹೊಡೀತಿದ್ದ, ನಾನು ಒಂದೇ ಸಲ ಹೊಡೆದು ಸುಮ್ನೆ ಕೂರ್ತಿದ್ದೆ. ಫೈಟರಿಗೆ ಎಕ್ಸ್ಟ್ರಾ ಅಟ್ಯಾಕ್, ಅಂದ್ರೆ ಟರ್ನಿಗೆ ಎರಡನೇ ಏಟು, ಸಿಗೋದು ಫೈಟರಲ್ಲೇ ಐದನೇ ಲೆವೆಲ್ ಆದ್ಮೇಲೆ, ಒಟ್ಟು ಲೆವೆಲ್ ಐದಾದ್ರೆ ಸಾಲದು.

ಎದುರಿಗೆ ಆರ್ಮರ್ ಕ್ಲಾಸ್ 15 ಇರೋನು ನಿಂತಿದಾನೆ ಅಂದ್ಕೊಳ್ಳಿ. ಡೆಕ್ಸ್ಟೆರಿಟಿಯ 4, ಪ್ರೊಫಿಷಿಯೆನ್ಸಿ (ಲೆವೆಲ್ ಏರಿದಂಗೆ ಏರೋ ಬೋನಸ್) 3 ಸೇರಿ ನನ್ನ ಬೋನಸ್ 7, ಅಂದ್ರೆ ದಾಳದಲ್ಲಿ 8 ಅಥವಾ ಮೇಲೆ ಬರ್ಬೇಕು, 20ರಲ್ಲಿ 13 ಮುಖ, 65%. ರೇಪಿಯರಿನ ಎಂಟು ಮುಖದ ದಾಳದ 4.5, ಡೆಕ್ಸ್ಟೆರಿಟಿಯ 4, ಡ್ಯುಯೆಲಿಂಗಿನ 2 ಸೇರಿ ಒಂದು ಏಟಿನ ಸರಾಸರಿ 10.5. ಕ್ರಿಟ್ ಸೇರಿ ಒಂದು ಅಟ್ಯಾಕಿಗೆ 7.05 ಬರತ್ತೆ, ಫೈಟರಲ್ಲೇ ಐದಕ್ಕೆ ಹೋದೋನು ಎರಡು ಸಲ ಹೊಡೀತಾನೆ, ಒಟ್ಟು 14.1. ನಂದು ಫೈಟರ್ 4 ರೋಗ್ 1, ಒಂದೇ ಏಟು, ಸ್ನೀಕ್ ಅಟ್ಯಾಕ್ ಸೇರಿ ಏಟಿಗೆ 14, ಸೂತ್ರಕ್ಕೆ ಹಾಕಿದ್ರೆ 9.5. ಮೂರನೇ ಒಂದು ಭಾಗ ಹೋಯ್ತು! ಅದೂ ಎಷ್ಟು ದಿನ? ಐದನೇ ಲೆವೆಲ್ ಇಂದ ಆರಕ್ಕೆ ಹೋಗೋಕೆ 7,500 ಅನುಭವದ ಅಂಕ, ಅಂದ್ರೆ ಎಕ್ಸ್‌ಪಿ ಬೇಕು, ಶೂನ್ಯದಿಂದ ಐದನೇ ಲೆವೆಲ್ಲಿಗೆ ಬರೋಕೆ ಬೇಕಾಗಿದ್ದೇ 6,500. ಅಂದ್ರೆ ಅಲ್ಲಿವರೆಗೆ ನಡೆದ ದಾರಿಗಿಂತ ಉದ್ದದ ದಾರಿ ಒಂದೇ ಕೈಲಿ ನಡೀಬೇಕು.

ಹಾಗಾದ್ರೆ ಐದು ಲೆವೆಲ್ ಫೈಟರ್ ಮುಗಿಸಿ ಆರನೇದಕ್ಕೆ ರೋಗ್ ತಗೊಂಡಿದ್ರೆ? ಇಲ್ಲಿ ಲೆಕ್ಕ ಸ್ವಲ್ಪ ಮಜಾ ಇದೆ. ಸ್ನೀಕ್ ಅಟ್ಯಾಕ್ ಟರ್ನಿಗೆ ಒಂದೇ ಸಲ, ಆದ್ರೆ ಹೊಡೆತ ಎರಡು, ಎರಡರಲ್ಲಿ ಯಾವುದಾದ್ರೂ ಒಂದು ತಾಗಿದ್ರೆ ಸಾಕು. ಕಮ್ಮಿ ಅಂದ್ರೂ ಒಂದು ತಾಗೋ ಸಾಧ್ಯತೆ ಬೇಕು ಅಂದ್ರೆ ಎರಡೂ ತಪ್ಪೋ ಸಾಧ್ಯತೆ ತೆಗೆದು ಒಂದರಲ್ಲಿ ಕಳೀಬೇಕು, 0.35 ಗುಣಿಸು 0.35 ಅಂದ್ರೆ ಸುಮಾರು 12%, ಉಳಿದಿದ್ದು 88%. ಪಾಸ್ಕಲ್‌ಗೆ ಜೂಜಿನ ಪ್ರಶ್ನೆಗಳನ್ನ ತಂದುಕೊಟ್ಟ ಶೆವಲಿಯೇ ದ ಮೇರೆ ತಲೆ ಕೆಡಿಸ್ಕೊಂಡಿದ್ದೂ ಇದೇ ಲೆಕ್ಕಕ್ಕೆ. ಒಂದು ದಾಳ ನಾಲ್ಕು ಸಲ ಹಾಕಿದ್ರೆ ಒಂದಾದ್ರೂ ಆರು ಬರೋದು 51.8%, ಎರಡು ದಾಳ 24 ಸಲ ಹಾಕಿದ್ರೆ ಒಂದಾದ್ರೂ ಜೋಡಿ ಆರು ಬರೋದು 49.1%, ಎರಡೂ ಒಂದೇ ಅಂತ ನಂಬಿದೋನು ನಿಧಾನಕ್ಕೆ ದುಡ್ಡು ಕಳ್ಕೋತಾನೆ.

ಸರಿ, 88%ಕ್ಕೆ 3.5 ಗುಣಿಸಿ, ಕ್ರಿಟ್ ಸೇರಿಸಿದ್ರೆ ಸ್ನೀಕ್ ಅಟ್ಯಾಕಿನ ಬೆಲೆ ಟರ್ನಿಗೆ 3.3. ಮೊದಲಿನ 14.1ಕ್ಕೆ ಕೂಡಿದ್ರೆ 17.4. ಇನ್ನೊಂದು ಕಡೆ ಫೈಟರಲ್ಲೇ ಆರಕ್ಕೆ ಹೋದೋನಿಗೆ ಆ ಲೆವೆಲ್ಲಲ್ಲಿ ಎಬಿಲಿಟಿ ಸ್ಕೋರ್ ಏರಿಕೆ ಸಿಗತ್ತೆ, ಡೆಕ್ಸ್ಟೆರಿಟಿ 20, ತಾಗೋ ಸಾಧ್ಯತೆ 70%, ಏಟಿಗೆ 11.5, ಎರಡು ಏಟಿಗೆ 16.55. ಮಲ್ಟಿಕ್ಲಾಸ್ ಗೆದ್ದಿದ್ದು ಒಂದು ಪಾಯಿಂಟೂ ಇಲ್ಲ. ಅದೂ ಸ್ನೀಕ್ ಅಟ್ಯಾಕಿನ ಷರತ್ತು ಪ್ರತಿ ಸಲ ಕೂಡಿ ಬಂದ್ರೆ, ಅಂದ್ರೆ ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನ ತಗೊಳ್ಳೋ ಅವಕಾಶ) ಇರ್ಬೇಕು, ಇಲ್ಲಾ ನಿಮ್ಮೋನೊಬ್ಬ ಶತ್ರು ಪಕ್ಕದಲ್ಲೇ ನಿಂತಿರ್ಬೇಕು. ಪಕ್ಕದಲ್ಲಿದ್ದೋನು ಬಿದ್ದುಹೋದ ಟರ್ನಲ್ಲಿ ನೀವು ವಾಪಸ್ 14.1ಕ್ಕೆ. ಇನ್ನೊಬ್ಬನಿಗೆ ಆ ಡೆಕ್ಸ್ಟೆರಿಟಿ 20 ಇನಿಷಿಯೇಟಿವಿಗೂ (ಯಾರ ಸರದಿ ಮೊದಲು ಅನ್ನೋದಕ್ಕೆ) ಬರತ್ತೆ, ಸೇವಿಂಗ್ ಥ್ರೋಗೂ (ಅಪಾಯದಿಂದ ತಪ್ಪಿಸ್ಕೊಳ್ಳೋ ದಾಳಕ್ಕೆ) ಬರತ್ತೆ, ಯಾರ ಹಂಗೂ ಇಲ್ಲ.

ಆದ್ರಿಂದ ಬಿಲ್ಡ್ ನೋಡುವಾಗ ನಾನು ಮೊದಲು ಕೇಳೋದು ಯಾವ್ದು ಕ್ಲಾಸ್ ಲೆವೆಲ್ ಮೇಲೆ ಬೆಳೆಯತ್ತೆ, ಯಾವ್ದು ಒಟ್ಟು ಲೆವೆಲ್ ಮೇಲೆ ಬೆಳೆಯತ್ತೆ ಅಂತ. ಪ್ರೊಫಿಷಿಯೆನ್ಸಿ ಬೋನಸ್ ಒಟ್ಟು ಲೆವೆಲ್ ಮೇಲೆ, ಹಾಗಾಗಿ ಎಷ್ಟು ಕ್ಲಾಸ್ ಬೆರೆಸಿದ್ರೂ ಅದಕ್ಕೇನೂ ಆಗಲ್ಲ. ವಾರ್ಲಾಕ್ ಅನ್ನೋ ಮಂತ್ರದ ಕಸುಬಿನ ಕಿರಣ ಬಿಡೋ ಸ್ಪೆಲ್ ಎಲ್ಡ್ರಿಚ್ ಬ್ಲಾಸ್ಟ್ ಕೂಡ ಹಾಗೇ, ಎರಡೇ ಲೆವೆಲ್ ವಾರ್ಲಾಕ್ ಇದ್ರೂ ಒಟ್ಟು 5ಕ್ಕೆ ಎರಡು ಕಿರಣ, 11ಕ್ಕೆ ಮೂರು, 17ಕ್ಕೆ ನಾಲ್ಕು. ಆ ಎರಡು ಲೆವೆಲ್ ಎಲ್ರೂ ಕದಿಯೋದು ಅದಕ್ಕೇ. ಸ್ನೀಕ್ ಅಟ್ಯಾಕ್ ರೋಗ್ ಲೆವೆಲ್ ಮೇಲೆ ಬೆಳೆಯತ್ತೆ, ಒಂದು ಲೆವೆಲ್ಲಿಗೆ ನಿಲ್ಲಿಸಿದ್ರೆ ಸಾಯೋವರೆಗೂ ಒಂದೇ ದಾಳ. ಇನ್ನು ಎಕ್ಸ್ಟ್ರಾ ಅಟ್ಯಾಕ್, ಅದು ಕೂಡೋದೇ ಇಲ್ಲ, ಫೈಟರ್ 5 ಬಾರ್ಬೇರಿಯನ್ 5 ಆದ್ರೆ ಮೂರು ಏಟು ಅಂತ ಖುಷಿಯಲ್ಲಿ ಬಂದೋರನ್ನ ನೋಡಿದೀನಿ, ಪಾಪ, ಎರಡೇ.

ಇನ್ನೊಂದು ವಿಷಯ, ಸರಾಸರಿ ಸಂಖ್ಯೆ ಎದುರಿನವನಿಗೆ ಎಷ್ಟು ಜೀವ ಇದೆ ಅಂತ ಕೇಳಲ್ಲ. 2014ರ ಗಾಬ್ಲಿನ್‌ಗೆ ಹಿಟ್ ಪಾಯಿಂಟ್ 7. ಮೇಲಿನ ಐದನೇ ಲೆವೆಲ್ ಫೈಟರಿನ ರೇಪಿಯರ್ ಏಟು ಎಷ್ಟೇ ಕೆಟ್ಟದಾಗಿ ಬಿದ್ರೂ 1 ಮತ್ತೆ 4 ಮತ್ತೆ 2, ಸರಿಯಾಗಿ 7. ತಾಗಿತು ಅಂದ್ರೆ ಸತ್ತ, ದಾಳ ಉರುಳಿಸೋ ಕೆಲಸಾನೇ ಇಲ್ಲ. ಅಲ್ಲಿ ಸ್ನೀಕ್ ಅಟ್ಯಾಕಿನ ದಾಳ ಸತ್ತೋನಿಗೆ ಮತ್ತೆ ಹೊಡೆದಂಗೆ. ಏಟುಗಳ ಸಂಖ್ಯೆ ಮಾತ್ರ ಕೆಲಸಕ್ಕೆ ಬರತ್ತೆ.

ಈಗ ಪಾಲಡಿನ್ ಮತ್ತೆ ಸಾರ್ಸರರ್ (ಮಂತ್ರಗಾರ) ಜೋಡಿಗೆ ಬರೋಣ, ಡ್ಯಾಮೇಜ್ ಅಂದ್ರೆ ಎಲ್ರ ಬಾಯಲ್ಲೂ ಬರೋ ಬಿಲ್ಡ್ ಇದು. ಪಾಲಡಿನ್ ಏಟು ತಾಗಿದ್ಮೇಲೆ ಒಂದು ಸ್ಪೆಲ್ ಸ್ಲಾಟ್ (ಮಂತ್ರ ಹಾಕೋಕೆ ದಿನಕ್ಕೆ ಇಷ್ಟು ಅಂತ ಸಿಗೋ ಪಾಲು) ಸುಟ್ಟು ಸ್ಮೈಟ್ ಮಾಡ್ಬಹುದು, ಮೊದಲನೇ ಮಟ್ಟದ ಸ್ಲಾಟಿಗೆ ಎರಡು ಎಂಟು ಮುಖದ ದಾಳ, ಆಮೇಲೆ ಒಂದೊಂದು ಮಟ್ಟಕ್ಕೆ ಒಂದೊಂದು ಜಾಸ್ತಿ, ಐದು ದಾಳಕ್ಕೆ ನಿಲ್ಲತ್ತೆ. ಪಾಲಡಿನ್‌ಗೆ ಸ್ಲಾಟ್ ನಿಧಾನಕ್ಕೆ ಬರತ್ತೆ, ಸಾರ್ಸರರ್‌ಗೆ ಬೇಗ ಬರತ್ತೆ, ಸೇರಿಸಿದ್ರೆ ಮದ್ದುಗುಂಡು ಜಾಸ್ತಿ. ಹತ್ತನೇ ಲೆವೆಲ್ಲಲ್ಲಿ ಬರೀ ಪಾಲಡಿನ್ ಹತ್ರ ಇರೋ ಸ್ಲಾಟ್ 4, 3, 2 (ಮೊದಲನೇ ಮಟ್ಟದ್ದು ನಾಲ್ಕು, ಎರಡನೇದು ಮೂರು, ಮೂರನೇದು ಎರಡು), ಎಲ್ಲಾ ಸ್ಮೈಟಿಗೇ ಹಾಕಿದ್ರೆ 25 ದಾಳ. ಪಾಲಡಿನ್ 6 ಸಾರ್ಸರರ್ 4 ಹತ್ರ 4, 3, 3, 1, ಒಟ್ಟು 34 ದಾಳ. ಒಂಬತ್ತು ದಾಳ ಅಂದ್ರೆ ಸರಾಸರಿ 40 ಡ್ಯಾಮೇಜ್. ಮಲ್ಟಿಕ್ಲಾಸ್ ಗೆದ್ದಿತು, ವಾದಾನೇ ಇಲ್ಲ.

ಒಂದು ಲೆವೆಲ್ ಮೇಲೆ ಹೋಗಿ. 11ಕ್ಕೆ ಬರೀ ಪಾಲಡಿನ್ ಸ್ಲಾಟ್ 4, 3, 3, ದಾಳ 29. ಪಾಲಡಿನ್ 6 ಸಾರ್ಸರರ್ 5 ಹತ್ರ 4, 3, 3, 2, ದಾಳ 39. ವ್ಯತ್ಯಾಸ ಇನ್ನೂ ಜಾಸ್ತಿ ಆಗಿ ಹತ್ತಾಯ್ತು. ಆದ್ರೆ 11ನೇ ಲೆವೆಲ್ ಪಾಲಡಿನ್‌ಗೆ ಇಂಪ್ರೂವ್ಡ್ ಡಿವೈನ್ ಸ್ಮೈಟ್ ಬರತ್ತೆ, ತಾಗಿದ ಪ್ರತಿ ಏಟಿಗೂ ಒಂದು ದಾಳ, ಸ್ಲಾಟ್ ಖರ್ಚಿಲ್ಲ. ಹತ್ತು ಏಟು ತಾಗಿದ್ರೆ ಸರಿಸಮ ಆಗ್ಬೇಕು ಅಂತ ನಾನೂ ಅಂದ್ಕೊಂಡಿದ್ದೆ, ಟರ್ನಿಗೆ ಎರಡು ಅಟ್ಯಾಕ್, 65%, ಅಂದ್ರೆ ಟರ್ನಿಗೆ 1.3 ಏಟು, ಸುಮಾರು ಎಂಟು ರೌಂಡ್, ದಿನಕ್ಕೊಂದೇ ಜಗಳ ಇರೋ ಆಟದಲ್ಲಿ ಮಲ್ಟಿಕ್ಲಾಸೇ ವಾಸಿ ಅಂತ ಬಹಳ ಜನಕ್ಕೆ ಹೇಳಿದೀನಿ ಕೂಡ.

ತಪ್ಪು ಹೇಳಿದೀನಿ. ಸ್ಲಾಟ್ ಸುಡೋಕೂ ಏಟು ತಾಗ್ಬೇಕಲ್ವಾ! 12 ಸ್ಲಾಟ್ ಖಾಲಿ ಮಾಡೋಕೆ 12 ಏಟು ಬೇಕು, ಅಷ್ಟರಲ್ಲಿ ಪಾಲಡಿನ್‌ಗೆ 12 ದಾಳ ಬಂದಿರತ್ತೆ. ಒಂದೊಂದೇ ಏಟು ಎಣಿಸಿ ನೋಡಿ, ಇಬ್ರೂ ದೊಡ್ಡ ಸ್ಲಾಟ್ ಮೊದಲು ಸುಡ್ತಾರೆ. ಮೊದಲ ಏಟಿಗೆ ಮಲ್ಟಿಕ್ಲಾಸ್ 5 ದಾಳ, ಪಾಲಡಿನ್ 4 ಮತ್ತೆ 1, ಅದೂ 5. ಎರಡನೇ ಏಟಿಗೆ 10, 10. ಮೂರಕ್ಕೆ 14, 15. ನಾಲ್ಕಕ್ಕೆ 18, 19. ಆರಕ್ಕೆ 25, 27. ಹತ್ತಕ್ಕೆ 35, 39. ಹನ್ನೆರಡಕ್ಕೆ 39, 41. ಮಲ್ಟಿಕ್ಲಾಸ್ ಯಾವ ಹಂತದಲ್ಲೂ ಮುಂದೆ ಬರೋದೇ ಇಲ್ಲ. ಸಾರ್ಸರರ್‌ಗೆ ಸಿಗೋ, ಸ್ಲಾಟ್ ಮಾಡ್ಕೋಬಹುದಾದ ಸಾರ್ಸರಿ ಪಾಯಿಂಟ್ ಐದನ್ನೂ ಕರಗಿಸಿ ಇನ್ನೊಂದು ಮೂರನೇ ಮಟ್ಟದ ಸ್ಲಾಟ್ ಮಾಡ್ಕೊಂಡ್ರೆ 13ನೇ ಏಟಿನ ಹೊತ್ತಿಗೆ 43ಕ್ಕೆ 42 ಅಂತ ಒಂದೇ ದಾಳದಷ್ಟು ಮುಂದೆ ಬರ್ತಾನೆ, ಅದನ್ನ ಕರಗಿಸೋಕೂ ಒಂದು ಬೋನಸ್ ಆಕ್ಷನ್ (ಟರ್ನಿಗೆ ಒಂದೇ ಸಿಗೋ ಪುಟ್ಟ ಆಕ್ಷನ್) ಬೇಕು, 14ನೇ ಏಟಿಗೆ ಮತ್ತೆ ಸಮ. ಹತ್ತನೇ ಲೆವೆಲ್ಲಲ್ಲಿ ಇದೇ ಥರ ಎಣಿಸಿದ್ರೆ ನಾಲ್ಕು ಏಟಿಗೆ ಮಲ್ಟಿಕ್ಲಾಸ್ 17, ಪಾಲಡಿನ್ 14, ಅಲ್ಲಿ ನಿಜವಾಗ್ಲೂ ಮುಂದೆ ಇದಾನೆ. ಒಂದೇ ಲೆವೆಲ್ಲಿನ ಅಂತರದಲ್ಲಿ ಉತ್ತರ ತಿರುಗಿಬಿಡ್ತು, ಅದಕ್ಕೇ ಯಾವ ಬಿಲ್ಡ್ ಜಾಸ್ತಿ ಹೊಡೆಯತ್ತೆ ಅಂತ ಯಾರಾದ್ರೂ ಕೇಳಿದ್ರೆ ಎಷ್ಟನೇ ಲೆವೆಲ್ಲಲ್ಲಿ ಆಡ್ತಿದೀಯ ಅಂತ ತಿರುಗಿ ಕೇಳ್ತೀನಿ. 20ನೇ ಲೆವೆಲ್ಲಿನ ಶೀಟ್ ತೋರಿಸೋರಿಗೆ ಒಂದು ಮಾತು, 11ನೇ ಲೆವೆಲ್ಲಿಗೆ 85,000 ಎಕ್ಸ್‌ಪಿ, 20ಕ್ಕೆ 3,55,000, ದಾರಿಯ ಮುಕ್ಕಾಲು ಭಾಗ 11 ಆದ್ಮೇಲೇನೇ ಇರೋದು.

(ಸಾರ್ಸರರ್ ಸೇರಿಸೋದೇ ದಂಡ ಅಂತಲ್ಲ, ಶೀಲ್ಡ್ ಸ್ಪೆಲ್ ಒಂದಕ್ಕೇ ಸೇರಿಸ್ಕೋಬಹುದು, ನಾನು ಎಣಿಸ್ತಿರೋದು ಡ್ಯಾಮೇಜ್ ಮಾತ್ರ.)

2024ರ ನಿಯಮದಲ್ಲಿ ಸ್ಮೈಟ್ ಒಂದು ಸ್ಪೆಲ್ ಆಗೋಯ್ತು, ಏಟು ತಾಗಿದ ತಕ್ಷಣ ಬೋನಸ್ ಆಕ್ಷನಲ್ಲಿ ಹಾಕ್ಬೇಕು, ಅಂದ್ರೆ ಟರ್ನಿಗೆ ಒಂದೇ. ಶುರುವಲ್ಲಿ ಹೇಳಿದ ನಾಲ್ಕು ಏಟಿಗೆ ನಾಲ್ಕು ಸ್ಮೈಟ್ ಕಥೆ ಅಲ್ಲಿಗೆ ಮುಗೀತು. ಆದ್ರೆ 11ನೇ ಲೆವೆಲ್ಲಿನ ಆ ಬಿಟ್ಟಿ ದಾಳ ಹೆಸರು ಬದಲಾಯಿಸ್ಕೊಂಡು ಹಾಗೇ ಉಳಿದಿದೆ, ತಾಗಿದ ಪ್ರತಿ ಏಟಿಗೂ. ಮೂರು ರೌಂಡಿನ ಜಗಳ, ಪ್ರತಿ ರೌಂಡಲ್ಲೂ ಒಂದಾದ್ರೂ ತಾಗಿದೆ, ಒಟ್ಟು ನಾಲ್ಕು ಏಟು ಅಂತ ಇಟ್ಕೊಂಡ್ರೆ ಮಲ್ಟಿಕ್ಲಾಸ್ 5, 5, 4 ಸೇರಿ 14 ದಾಳ, ಪಾಲಡಿನ್ 4, 4, 4 ಮತ್ತೆ ಏಟಿನ ನಾಲ್ಕು ಸೇರಿ 16, ಮಲ್ಟಿಕ್ಲಾಸ್ ಹತ್ರ ಇನ್ನೂ ಒಂಬತ್ತು ಸ್ಲಾಟ್ ಹಾಗೇ ಬಿದ್ದಿರತ್ತೆ, ಸುಡೋಕೆ ಟರ್ನ್ ಇಲ್ಲ.